ಇ-ರೀಡರ್‌ನಲ್ಲಿ ಕನ್ನಡ ಓದು: ವರ್ಷಗಟ್ಟಲೆ ಬಳಸಿದ ಮೇಲೆ

ಇ-ಪುಸ್ತಕ ಓದಲೆಂದೇ ಮಾಡಿದ ಸಾಧನ, ಅಂದರೆ ಇ-ರೀಡರ್ ಕೊಳ್ಳಲೋ, ಅದೇ ದುಡ್ಡಿಗೆ ಪುಸ್ತಕ ಕೊಳ್ಳಲೋ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ನೀವು ಹೆಚ್ಚಾಗಿ ಓದುವುದು ಇಂಗ್ಲಿಷೋ, ಕನ್ನಡವೋ? ಇಂಗ್ಲಿಷ್ ಆದರೆ ಯೋಚನೆ ಬೇಡ, ಕೈಗೆಟುಕುವ ಬೆಲೆಯ ಯಾವುದನ್ನಾದರೂ ತೆಗೆದುಕೊಳ್ಳಿ. ಕನ್ನಡವಾದರೆ ಸ್ವಲ್ಪ ಕುಳಿತು ಮಾತನಾಡಬೇಕು. ಇ-ರೀಡರ್ ಬಗ್ಗೆ ಸಿಗುವ ವಿಮರ್ಶೆಗಳೆಲ್ಲ ಬ್ಯಾಟರಿ, ಬೆಳಕು, ತೂಕ ಇವುಗಳಲ್ಲೇ ಮುಗಿದುಹೋಗುತ್ತವೆ. ಕನ್ನಡ ಓದುಗರಿಗೆ ಅವೆಲ್ಲ ಆಮೇಲಿನ ಮಾತು. ಯಂತ್ರ ಎಷ್ಟೇ ಚೆನ್ನಾಗಿರಲಿ, ಅದರೊಳಗೆ ಹಾಕುವ ಕಡತ ಯಾವ ಬಗೆಯದು ಎನ್ನುವುದರ ಮೇಲೆ ನಮ್ಮ ಓದಿನ ಸುಖ, ಕಷ್ಟ ಎರಡೂ ನಿಂತಿವೆ.

ನನ್ನ ಬಳಿ ಈಗ ಇರುವುದು ಆಂಡ್ರಾಯ್ಡ್ ಇರುವ, 7.8 ಇಂಚಿನ ಇ-ಇಂಕ್ ಸಾಧನ. ಅದಕ್ಕೂ ಮೊದಲು ಆರಿಂಚಿನ, ಒಂದೇ ಮಳಿಗೆಯ ಪುಸ್ತಕಗಳಿಗೆಂದು ಮಾಡಿದ ಸಾಧನವೊಂದನ್ನು ಕೆಲವು ವರ್ಷ ಬಳಸಿದ್ದೆ. ಮನೆಯಲ್ಲಿ ಕಪಾಟುಗಳ ತುಂಬ ಕನ್ನಡ ಪುಸ್ತಕಗಳಿವೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಊರಿನ ಹೆಸರು ಇಲ್ಲಿ ಯಾಕೆ ಬಂತು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಯಂತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಇ-ಇಂಕ್ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿರುತ್ತವೆ. ಒಂದೊಂದರಲ್ಲೂ ವಿರುದ್ಧ ವಿದ್ಯುದಂಶದ ಕಪ್ಪು, ಬಿಳಿ ಕಣಗಳು. ವಿದ್ಯುತ್ ಹಾಯಿಸಿದಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಬಂದದ್ದು ಮತ್ತೆ ವಿದ್ಯುತ್ ಇಲ್ಲದೆಯೂ ಅಲ್ಲೇ ನಿಲ್ಲುತ್ತದೆ. ಹೀಗಾಗಿ ಪುಟ ತಿರುಗಿಸುವ ಹೊತ್ತಿಗೆ ಬಿಟ್ಟರೆ ಅಕ್ಷರಗಳಿಗೆ ಬ್ಯಾಟರಿ ಖರ್ಚಾಗುವುದಿಲ್ಲ. ರಾತ್ರಿಯ ಓದಿಗೆ ಇರುವ ದೀಪ ಕೂಡ ಅಂಚಿನಿಂದ ಪರದೆಯ ಮೇಲೆ ಬೀಳುತ್ತದೆ, ಮೊಬೈಲಿನ ಹಾಗೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಆಷಾಢದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದಾಗ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಆಂಡ್ರಾಯ್ಡ್ ಸಾಧನಗಳು ಮಾತ್ರ ವೈಫೈ ಆರಿಸದಿದ್ದರೆ ಸುಮ್ಮನೆ ಇಟ್ಟಲ್ಲೇ ಬ್ಯಾಟರಿ ತಿನ್ನುತ್ತವೆ. ಅದು ಬಿಟ್ಟರೆ ದೂರಿಲ್ಲ.

ಇನ್ನು ಅಕ್ಷರ. ನಮ್ಮ ಲಿಪಿಯಲ್ಲಿ ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ಅಂತರ ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆಯಷ್ಟೇ. ಮೇಲೆ ಗುಣಿತ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಇಂಚಿಗೆ 300 ಚುಕ್ಕೆಗಳಿರುವ ಪರದೆಯಲ್ಲಿ ಇವೆಲ್ಲ ಅಚ್ಚಿನಷ್ಟೇ ಚೊಕ್ಕವಾಗಿ ಮೂಡುತ್ತವೆ. ಆದರೆ ಚುಕ್ಕೆಗಳ ಲೆಕ್ಕ ಮಾತ್ರ ಸಾಲದು, ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಕನ್ನಡ ಗೊತ್ತಿರಬೇಕು. ನನ್ನ ಹಳೆಯ ಸಾಧನದಲ್ಲಿ ಕನ್ನಡದ ಕಡತ ತೆರೆದರೆ ‘ರಾಷ್ಟ್ರ’ ಎಂಬುದು ‘ರಾಷ್‌ಟ್‌ರ’ ಎಂದು ಸಾಲಾಗಿ ನಿಲ್ಲುತ್ತಿತ್ತು. ಅರ್ಕಾವತ್ತು ಎಲ್ಲೋ, ಅಕ್ಷರ ಎಲ್ಲೋ. ಒಂದು ಪುಟ ಓದುವಷ್ಟರಲ್ಲಿ ಕಥೆ ಹೋಗಿ ಅಕ್ಷರ ಬಿಡಿಸುವುದೇ ಕೆಲಸವಾಗುತ್ತಿತ್ತು. ಈಗಿನ ಸಾಧನದಲ್ಲಿ ಆ ತೊಂದರೆ ಇಲ್ಲ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ ಎಂಬ ಉಚಿತ ಫಾಂಟ್‌ಗಳನ್ನು ಹಾಕಿಕೊಂಡಿದ್ದೇನೆ. ಒತ್ತಕ್ಷರಕ್ಕೆ ಉಸಿರಾಡಲು ಜಾಗ ಸಿಗುವಂತೆ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಕೊಂಚ ಹೆಚ್ಚಿಗೆ ಇಟ್ಟುಕೊಂಡರೆ ಓದು ಸರಾಗ.

ಆಂಡ್ರಾಯ್ಡ್ ಸಾಧನವೇ ಬೇಕು ಎಂದು ನಾನು ಹಟ ಹಿಡಿಯಲು ಇನ್ನೊಂದು ಕಾರಣವಿದೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್ ಮಳಿಗೆಯಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕೋಟಿಗಟ್ಟಲೆ ಜನ ಓದುವ ಭಾಷೆಯನ್ನು ಹೀಗೆ ಹೊರಗೆ ನಿಲ್ಲಿಸಿದ್ದು ನನಗೆ ಆಗ ಬಹಳ ನೋವು ತಂದಿತ್ತು, ಈಗಲೂ ಅದು ಆರಿಲ್ಲ. ಆ ಜಾಗ ತುಂಬಲು ಕನ್ನಡದವರೇ ಮುಂದೆ ಬರಬೇಕಾಯಿತು. ಮೈಲ್ಯಾಂಗ್, ವಿವಿಡ್‌ಲಿಪಿಯಂಥ ಮಳಿಗೆಗಳಿಂದಾಗಿ ಇಂದು ಹೊಸ ಕಾದಂಬರಿಯನ್ನು ಅಮೆರಿಕದಲ್ಲಿರುವ ಕನ್ನಡಿಗರೂ ಅಂಚೆಗೆ ಕಾಯದೆ ಓದಬಹುದು. ಪುಸ್ತಕದ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಗುವ ಕಡೆ ಇರುವವರಿಗೆ ಇದು ಸಣ್ಣ ಉಪಕಾರವಲ್ಲ. ಇಂಥ ಆ್ಯಪ್‌ಗಳು ಆಂಡ್ರಾಯ್ಡ್ ಇ-ರೀಡರ್‌ನಲ್ಲೂ ನಡೆಯುತ್ತವೆ. ಮೊಬೈಲಿಗೆಂದು ಮಾಡಿದ ಆ್ಯಪ್‌ಗಳಾದ್ದರಿಂದ ಬೆರಳಿನಿಂದ ಸರಿಸಿದಾಗ ಹಿಂದಿನ ಪುಟದ ಛಾಯೆ ತುಸು ಹೊತ್ತು ಉಳಿಯುವುದುಂಟು. ಸಾಧನದ ರಿಫ್ರೆಶ್ ಆಯ್ಕೆಯನ್ನು ಬದಲಿಸಿಕೊಂಡರೆ ಸಹಿಸಬಹುದು.

ನನ್ನ ಇ-ರೀಡರ್ ಅದರ ಬೆಲೆಯನ್ನು ಪೂರ್ತಿ ತೀರಿಸಿದ್ದು ಹಳೆಯ ಪುಸ್ತಕಗಳಿಂದ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಉಚಿತ ಜಾಲತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ರಾಶಿ ಇವೆ. ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಸ್ವಯಂಸೇವಕರ ಬಳಗ ಹಳೆಯ ಪುಸ್ತಕಗಳನ್ನು ಇನ್ನಷ್ಟು ಒಳ್ಳೆಯ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ ಅಲ್ಲಿಗೇ ಸೇರಿಸುತ್ತಿದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1914ರಲ್ಲಿ ತೀರಿಕೊಂಡ ಬಿ. ವೆಂಕಟಾಚಾರ್ಯ, 1942ರಲ್ಲಿ ತೀರಿಕೊಂಡ ಗಳಗನಾಥರು, ಅಂದರೆ ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರು, ಇಂದು ಎಲ್ಲರ ಸೊತ್ತು. ಕುವೆಂಪು 1994ರಲ್ಲಿ, ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡವರು; ಅವರ ಬರಹಕ್ಕೆ ಆ ದಿನ ಬರಲು ಇನ್ನೂ ಬಹಳ ಕಾಲವಿದೆ. ವೆಂಕಟಾಚಾರ್ಯರ ಹಳೆಯ ಮುದ್ರಣಗಳನ್ನು ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಸಿಕ್ಕರೂ ಪುಟ ತಿರುವಿದಲ್ಲೆಲ್ಲ ಮುರಿಯುವ ಕಾಗದ. ಇ-ರೀಡರ್ ಇಲ್ಲದಿದ್ದರೆ ಅವರ ಕಾಲದ ಆ ತಿಳಿಯಾದ, ನಿಧಾನದ ಗದ್ಯವನ್ನು ನಾನು ಹಾಸಿಗೆಯಲ್ಲಿ ಒರಗಿಕೊಂಡು ಓದುವ ದಾರಿಯೇ ಇರಲಿಲ್ಲ.

ಸ್ಕ್ಯಾನ್ ಓದಲು ಪರದೆಯ ಅಳತೆ ಮುಖ್ಯ. ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯವು, ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಆರಿಂಚಿನ ಪರದೆಯಲ್ಲಿ ಆ ಪುಟ ಇರುವೆ ಸಾಲಾಗುತ್ತದೆ. 7.8 ಇಂಚಿನದರಲ್ಲಿ ನಾಲ್ಕೂ ಬದಿಯ ಅಂಚನ್ನು ಕತ್ತರಿಸಿ ತೋರಿಸುವಂತೆ ಮಾಡಿದರೆ ಅಕ್ಷರ ಮೂಲದ ಗಾತ್ರಕ್ಕೆ ಹತ್ತಿರ ಬರುತ್ತದೆ. 10.3 ಇಂಚಿನದಾದರೆ ಕತ್ತರಿಸುವ ಗೊಡವೆಯೇ ಬೇಡ, ಆದರೆ ಭಾರವೂ ಬೆಲೆಯೂ ಜಾಸ್ತಿ. ಸ್ಕ್ಯಾನ್ ಕೆಟ್ಟದಾಗಿದ್ದರೆ ಮಾತ್ರ ಯಾವ ಪರದೆಯೂ ಕಾಪಾಡುವುದಿಲ್ಲ. ಧ, ಭಗಳ ಸೀಳು ಮಸಿಯಲ್ಲಿ ಮುಳುಗಿ, ಧನ ದನವಾಗಿ, ಭಾರ ಬಾರವಾಗಿ, ಸಂದರ್ಭ ನೋಡಿ ಊಹಿಸಿಕೊಂಡು ಓದಬೇಕಾಗುತ್ತದೆ.

ಮುದ್ರಿತ ಪುಸ್ತಕಕ್ಕೆ ಸರಿಸಾಟಿಯೇ ಇಲ್ಲದ ಜಾಗ ಒಂದಿದೆ, ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ಕೋಶದ ಸ್ಕ್ಯಾನ್ ನನ್ನ ಸಾಧನದಲ್ಲಿದೆ. ಅದನ್ನು ತೆರೆದು ಒಂದು ಪದ ಹುಡುಕುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಪುಟ ಮೂಡಲು ಒಂದೆರಡು ಕ್ಷಣ, ಅಂದಾಜು ತಪ್ಪಿದರೆ ಮತ್ತೊಂದು ಪುಟ, ಮತ್ತೆ ಕಾಯುವುದು. ಹಳಗನ್ನಡ ಕಾವ್ಯವೂ ಹಾಗೆಯೇ. ಪದ್ಯದಲ್ಲಿ ಒಂದು ಬೆರಳು, ಹಿಂದಿನ ಅರ್ಥಕೋಶದಲ್ಲಿ ಇನ್ನೊಂದು ಬೆರಳು ಇಟ್ಟು ಓದುವ ಓದು ಅದು. ಅದನ್ನು ಪರದೆಯ ಮೇಲೆ ನಾನು ಈಗ ಪೂರ್ತಿ ಬಿಟ್ಟಿದ್ದೇನೆ.

ಹೊಸ ಪುಸ್ತಕಗಳ ಪಾಡು ಬೇರೆಯೇ. ನನ್ನ ತಾಯಿಗೆ ಎಪ್ಪತ್ತು ದಾಟಿದೆ, ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ಕಂಪ್ಯೂಟರಿಗೆ ಕನ್ನಡವನ್ನು ಕನ್ನಡವಾಗಿಯೇ ತಿಳಿಸುವ ಯೂನಿಕೋಡ್ ಸಂಕೇತದಲ್ಲಿ ಪಠ್ಯವಿರುವ, ಪರದೆಯ ಅಳತೆಗೆ ಸಾಲು ತಾನಾಗಿ ಹೊಂದಿಕೊಳ್ಳುವ ಇ-ಪಬ್ ಕಡತವಾದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಡಬಹುದು. ಕನ್ನಡಕ ಹುಡುಕದೆ ಅವರು ಕಾದಂಬರಿ ಮುಗಿಸುತ್ತಾರೆ. ಅದೇ ಪುಸ್ತಕ ಪಿಡಿಎಫ್ ಆಗಿ ಬಂದರೆ, ದೊಡ್ಡದು ಮಾಡಿದ ಕೂಡಲೇ ಸಾಲಿನ ಬಲತುದಿ ಪರದೆಯ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಆಚೆ ಈಚೆ ಎಳೆದು ಓದಲು ಅವರಿಂದ ಆಗದು, ಯಾರಿಂದಲೂ ಆಗದು.

ಪಿಡಿಎಫ್ ಯಾಕೆ ಇಷ್ಟು ಬರುತ್ತದೆ ಎಂದರೆ ಅದರ ಬೇರು ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಡಿಟಿಪಿ ಅಂಗಡಿಯಲ್ಲಿದೆ. ನಮ್ಮಲ್ಲಿ ಬಹುಕಾಲ ಪುಸ್ತಕಗಳ ಪುಟವಿನ್ಯಾಸ ನಡೆದದ್ದು ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ. ಕಾಗದದ ಮೇಲೆ ಅದು ಚಂದವಾಗಿ ಕಾಣುತ್ತದೆ, ಆದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ, ಕನ್ನಡದ ಆಕಾರ ತೊಟ್ಟ ಇಂಗ್ಲಿಷ್ ಸಂಕೇತಗಳು. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತು, ದೀರ್ಘಗಳು ಅಲ್ಲಲ್ಲಿ ಕೆಟ್ಟಿರುತ್ತವೆ, ಯಾರಾದರೂ ಕುಳಿತು ಇಡೀ ಪುಸ್ತಕದ ಕರಡು ಮತ್ತೆ ತಿದ್ದಬೇಕು. ಸಾವಿರ ಪ್ರತಿ ಅಚ್ಚು ಹಾಕಿ ಅದನ್ನು ಮಾರುವಷ್ಟರಲ್ಲಿ ಸುಸ್ತಾಗುವ ಪ್ರಕಾಶಕರು ಆ ಖರ್ಚಿಗೆ ಹಿಂಜರಿದರೆ ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹೊಸದಾಗಿ ಜೋಡಿಸುವ ಪುಸ್ತಕವನ್ನಾದರೂ ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿಸಬಹುದಲ್ಲ?

ಕಾಗದದ ಪುಸ್ತಕ ಶಾಶ್ವತ ಎನ್ನುವವರು ಒಂದು ಮಳೆಗಾಲ ನಮ್ಮ ಕಡೆ ಬಂದು ಇರಬೇಕು. ಜೂನ್ ಕಳೆಯುವಷ್ಟರಲ್ಲಿ ರಟ್ಟಿನ ಮೇಲೆ ಬೂದಿ ಬಣ್ಣದ ಬೂಸ್ಟು ಹಿಡಿಯುತ್ತದೆ. ಬರಿಯ ಅಂಟಿನ ಬೈಂಡಿಂಗ್ ತೇವಕ್ಕೆ ಸಡಿಲಾಗಿ ನಡುವಿನ ಹಾಳೆಗಳು ಕೈಗೆ ಬರುತ್ತವೆ, ಹೊಲಿಗೆ ಹಾಕಿದ ಹಳೆಯ ಪುಸ್ತಕಗಳು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ಗೋಡೆಗೆ ಒತ್ತಿದ ಕಪಾಟಿನಲ್ಲಿ ಗೆದ್ದಲಿನ ಭಯ ಸದಾ ಇದ್ದೇ ಇದೆ. ದೀಪಾವಳಿಯ ಆಚೆ ಬಿಸಿಲು ಬಲಿತ ಮೇಲೆ ಎಲ್ಲವನ್ನೂ ಹೊರಗೆ ಹರಡಿ, ಒಣಬಟ್ಟೆಯಲ್ಲಿ ಒರೆಸಿ, ಬೇವಿನ ಎಲೆ ಇಟ್ಟು ಮತ್ತೆ ಜೋಡಿಸುವುದು ನಮ್ಮ ಮನೆಯ ವಾರ್ಷಿಕ ಕೆಲಸ. ನನಗೆ ಅದು ಹೊರೆ ಎನಿಸುವುದಿಲ್ಲ. ಮರೆತುಹೋದ ಪುಸ್ತಕಗಳು ಆಗಲೇ ಮತ್ತೆ ಕೈಗೆ ಸಿಗುವುದು. ಆದರೂ ಪುಸ್ತಕ ಕೊಳ್ಳುವುದು ಎಂದರೆ ಅದನ್ನು ಸಾಕುವುದೂ ಸೇರಿತು ಎಂಬುದು ಲೆಕ್ಕದಲ್ಲಿರಲಿ.

ಕಡತಕ್ಕೆ ಬೂಸ್ಟು ಹಿಡಿಯುವುದಿಲ್ಲ ನಿಜ. ಆದರೆ ಕೊಂಡ ಮಳಿಗೆಯ ಆ್ಯಪ್ ಅಥವಾ ಸಾಧನ ಬಿಟ್ಟು ಬೇರೆಡೆ ತೆರೆಯದಂತೆ ಬೀಗ ಹಾಕಿದ ಕಡತ ನಮ್ಮದೂ ಅಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಹಣ ಹಿಂದಿರುಗಿಸಿತು, ಪುಸ್ತಕಗಳು ಮಾತ್ರ ಓದುಗರ ಕೈಯಿಂದ ಹೋದವು. ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡು ಯುಎಸ್‌ಬಿ ಮೂಲಕ ಸಾಧನಕ್ಕೆ ಹಾಕುವ ಅವಕಾಶವನ್ನು ಅಮೆಜಾನ್ 2025ರ ಫೆಬ್ರುವರಿ 26ರಿಂದ ತೆಗೆದುಹಾಕಿತು. ಇಷ್ಟು ದೊಡ್ಡ ಕಂಪನಿಗಳ ಕಥೆಯೇ ಹೀಗಿರುವಾಗ ಒಂದು ಆ್ಯಪ್‌ನ ಒಳಗೆ ಮಾತ್ರ ತೆರೆಯುವ ಕನ್ನಡ ಪುಸ್ತಕ ಇಪ್ಪತ್ತು ವರ್ಷ ನನ್ನ ಜೊತೆ ಇರುತ್ತದೆ ಎಂದು ನಾನು ನೆಚ್ಚಿಕೊಳ್ಳಲಾರೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಎರವಲಿನ ವಿಷಯ. ನಮ್ಮ ಕಡೆ ಪುಸ್ತಕ ಓದಿದ್ದು ಕೊಂಡವರಿಗಿಂತ ಇಸಿದುಕೊಂಡವರೇ ಜಾಸ್ತಿ. ಒಳ್ಳೆಯ ಕಥಾಸಂಕಲನವೊಂದು ಮನೆಗೆ ಬಂದರೆ ಪಕ್ಕದ ಮನೆಗೆ, ಅಲ್ಲಿಂದ ಶಾಲೆಯ ಮೇಷ್ಟರಿಗೆ, ಅಲ್ಲಿಂದ ಹೆಗ್ಗೋಡಿನಲ್ಲಿ ನಾಟಕಕ್ಕೆ ಬಂದ ಯಾರಿಗೋ ಹೋಗುತ್ತದೆ. ಕೆಲವು ಮರಳಿ ಬರುವುದಿಲ್ಲ, ಬಂದವು ಅಡಿಗೆರೆ, ಚಹಾದ ಕಲೆ, ಅಂಚಿನ ಟಿಪ್ಪಣಿ ಎಲ್ಲವನ್ನೂ ಹೊತ್ತು ಬರುತ್ತವೆ. ನಾನು ಆ್ಯಪ್‌ನಲ್ಲಿ ಕೊಂಡು ಬಹಳ ಮೆಚ್ಚಿದ ಕಾದಂಬರಿಯೊಂದನ್ನು ಗೆಳತಿಗೆ ಓದಿಸಬೇಕೆಂದಾಗ ದಾರಿಯೇ ಇರಲಿಲ್ಲ. ಕೊನೆಗೆ ಮುದ್ರಿತ ಪ್ರತಿ ತರಿಸಿ ಕೊಟ್ಟೆ. ಆ ಪ್ರತಿ ಈಗ ಅವಳ ತಂಗಿಯ ಮನೆಯಲ್ಲಿದೆ.

ಹೀಗೆ ಬಳಸುತ್ತ ಬಳಸುತ್ತ ನನ್ನ ಕೊಳ್ಳುವ ಕ್ರಮ ತಾನಾಗಿ ಬದಲಾಗಿದೆ. ಹಕ್ಕು ಮುಗಿದ ಹಳೆಯ ಪುಸ್ತಕ, ಇಂಗ್ಲಿಷ್ ಪುಸ್ತಕ, ಪ್ರಯಾಣದ ಓದು ಇವೆಲ್ಲ ಇ-ರೀಡರ್‌ಗೆ. ಕವನ, ನಿಘಂಟು, ಹಳಗನ್ನಡ, ಮತ್ತೊಬ್ಬರಿಗೆ ಕೊಡಬೇಕೆನಿಸುವ ಯಾವುದೇ ಹೊಸ ಪುಸ್ತಕ ಕಾಗದದಲ್ಲಿ. ನವೆಂಬರ್‌ನ ರಿಯಾಯಿತಿ ಮಾರಾಟಕ್ಕೂ ಸಮ್ಮೇಳನದ ಮಳಿಗೆಗಳಿಗೂ ಈಗಲೂ ಚೀಲ ಹಿಡಿದೇ ಹೋಗುತ್ತೇನೆ.

ಕೊಳ್ಳುವ ಯೋಚನೆಯಲ್ಲಿರುವವರು ಅಂಗಡಿಯಲ್ಲೋ ಸ್ನೇಹಿತರ ಬಳಿಯೋ ಸಾಧನ ಕೈಗೆ ಸಿಕ್ಕಾಗ ಒಂದು ಯೂನಿಕೋಡ್ ಕನ್ನಡ ಇ-ಪಬ್ ಮತ್ತು ಒಂದು ಹಳೆಯ ಸ್ಕ್ಯಾನ್ ಹಾಕಿ ನೋಡಿ. ‘ರಾಷ್ಟ್ರ’, ‘ಸ್ತ್ರೀ’, ‘ಸೂರ್ಯ’ ನೆಟ್ಟಗೆ ಮೂಡಿದರೆ, ಸ್ಕ್ಯಾನ್ ಪುಟದ ಅಂಚು ಕತ್ತರಿಸಲು ಬಂದರೆ, ಧೈರ್ಯವಾಗಿ ಕೊಳ್ಳಿ. ಪ್ರಕಾಶಕರಲ್ಲಿ ನನ್ನದೊಂದು ಬೇಡಿಕೆಯಿದೆ: ಬೀಗವಿಲ್ಲದ, ಯೂನಿಕೋಡ್ ಇ-ಪಬ್ ಒಂದನ್ನು ಮುದ್ರಿತ ಪ್ರತಿಯ ಜೊತೆಗೇ ಮಾರಿ. ಎರಡಕ್ಕೂ ಸೇರಿ ಒಂದೂವರೆ ಪಟ್ಟು ಬೆಲೆ ಇಟ್ಟರೂ ನಾನು ಕೊಳ್ಳುತ್ತೇನೆ. ಒಂದು ತಾಯಿಗೆ, ಒಂದು ಕಪಾಟಿಗೆ.