ಪಂಕ್ತಿಭೇದವಿಲ್ಲದ ಊಟ: ಅಮೃತಸರದ ಲಂಗರ್

ನಾನು ಅಡುಗೆ ಕಾಂಟ್ರಾಕ್ಟರ್. 22 ವರ್ಷದಿಂದ ಮದುವೆ, ಗೃಹಪ್ರವೇಶ, ತಿಥಿ ಊಟ ಮಾಡಿಸಿಕೊಂಡು ಬಂದಿದ್ದೇನೆ. ಎಲ್ಲಿ ಊಟಕ್ಕೆ ಕೂತರೂ ನನ್ನ ಕಣ್ಣು ಬಡಿಸುವವರ ಕೈ ಮೇಲೇ ಇರುತ್ತದೆ. ಸೌಟು ಬಕೆಟ್ಟಿನ ತಳ ಮುಟ್ಟುತ್ತಿದೆಯಾ, ಕೊನೆಯ ಸಾಲಿಗೂ ಪಲ್ಯ ಬಂತಾ, ಎಲ್ಲಾ ನೋಡುತ್ತೇನೆ. ಕಳೆದ ನವೆಂಬರಿನಲ್ಲಿ ಹೆಂಡತಿ ಜೊತೆ ಅಮೃತಸರಕ್ಕೆ ಹೋಗಿದ್ದೆ. ಸ್ವರ್ಣಮಂದಿರ ಅಂತ ನಾವು ಕರೆಯುವ ಹರ್ಮಂದಿರ್ ಸಾಹಿಬ್‌ನ ಲಂಗರ್‌ನಲ್ಲಿ, ಅಂದರೆ ಬಂದವರಿಗೆಲ್ಲ ಪುಕ್ಕಟೆ ಊಟ ಹಾಕುವ ಸಿಖ್ಖರ ಊಟದ ಮನೆಯಲ್ಲಿ, ಎರಡು ದಿನದಲ್ಲಿ ನಾಲ್ಕು ಸಲ ಉಂಡೆ. ಆ ಊಟದ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಮೊದಲು ಚಪ್ಪಲಿ ಬಿಡಬೇಕು. ಅಲ್ಲಿ ಅದಕ್ಕೆ ಜೋಡಾ ಘರ್ ಅನ್ನುತ್ತಾರೆ. ನನ್ನ ಹಳೇ ಚಪ್ಪಲಿಯನ್ನು ಇಸಿದುಕೊಂಡವರು ಅರವತ್ತು ದಾಟಿದ ಹಿರಿಯರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಳ್ಳೇ ಗಡಿಯಾರ. ಎರಡೂ ಕೈಯಲ್ಲಿ ತೆಗೆದುಕೊಂಡು ಟೋಕನ್ ಕೊಟ್ಟರು. ಸಂಬಳದ ಕೆಲಸ ಅಲ್ಲ, ಸೇವೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಗಿಲ ಬಳಿ ಹರಿಯುವ ನೀರಿನಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದೆವು.

ಲಂಗರ್ ಬಾಗಿಲಲ್ಲಿ ಸ್ಟೀಲ್ ತಟ್ಟೆ, ಬಟ್ಟಲು, ಚಮಚ ಕೈಗೆ ಬರುತ್ತದೆ. ಯಾವ ಊರು, ಯಾವ ಜಾತಿ, ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ. ಹಾಲ್‌ನಲ್ಲಿ ಉದ್ದುದ್ದ ಚಾಪೆ ಹಾಸಿದ್ದಾರೆ. ನನ್ನ ಎಡಕ್ಕೆ ರಿಕ್ಷಾ ತುಳಿಯುವ ಒಬ್ಬರು, ಬಲಕ್ಕೆ ಹೆಂಡತಿ, ಅವಳ ಆಚೆ ಮೊಬೈಲ್ ಜೇಬಿಗೆ ಹಾಕಿ ಕೈ ಜೋಡಿಸಿ ಕೂತ ಒಬ್ಬ ಕಾಲೇಜು ಹುಡುಗ. ಕಾಳಿನ ದಾಲ್, ಒಂದು ಪಲ್ಯ, ಅಕ್ಕಿ ಖೀರು, ರೊಟ್ಟಿ. ರೊಟ್ಟಿಗೆ ಅಲ್ಲಿ ‘ಪರ್ಶಾದಾ’ ಅನ್ನುತ್ತಾರೆ. ನಾನು ಅಭ್ಯಾಸದಂತೆ ಒಂದು ಕೈ ಚಾಚಿದೆ. ಬಡಿಸುವ ಹುಡುಗ ಬಾಗಿದವನು ಹಾಗೇ ನಿಂತ. ಪಕ್ಕದವರು ಎರಡೂ ಕೈ ಜೋಡಿಸಿ ತೋರಿಸಿದರು. ನಾನೂ ಹಾಗೇ ಒಡ್ಡಿದೆ. ಬಿಸಿ ರೊಟ್ಟಿ ಬೊಗಸೆಗೆ ಬಿತ್ತು.

ದಾಲ್ ಗಟ್ಟಿಯಾಗಿತ್ತು, ಖಾರ ಕಡಿಮೆ. ನಮ್ಮ ನಾಲಿಗೆಗೆ ಸ್ವಲ್ಪ ಹುಳಿ ಬೇಕು ಅನ್ನಿಸಬಹುದು. ಖೀರು ಮಾತ್ರ ಎರಡು ಸಲ ಹಾಕಿಸಿಕೊಂಡೆ. ಮಾಂಸ ಇರುವುದಿಲ್ಲ, ಯಾವ ಧರ್ಮದವರು ಬಂದರೂ ಅನುಮಾನವಿಲ್ಲದೆ ಕೂತು ಉಣ್ಣಲಿ ಅಂತ.

ಹೀಗೆ ಸಾಲಾಗಿ ಕೂರುವುದಕ್ಕೆ ಅಲ್ಲಿ ‘ಪಂಗತ್’ ಅನ್ನುತ್ತಾರೆ. ನಮ್ಮ ಪಂಕ್ತಿಯೇ ಅದು, ಅಲ್ವಾ? ಆ ಮಾತು ಕಿವಿಗೆ ಬಿದ್ದಾಗ ತುತ್ತು ಗಂಟಲಲ್ಲಿ ನಿಂತಿತು. ನಮ್ಮಲ್ಲಿ ಪಂಕ್ತಿ ಅಂದ ಮೇಲೆ ಪಂಕ್ತಿಭೇದವೂ ಇದೆ. ಹೋದ ವರ್ಷ ಒಂದು ದೊಡ್ಡ ಮದುವೆ. ಪಾತ್ರೆ ತೊಳೆಯುವ ನನ್ನ ಹುಡುಗರು ಕೊನೆಯ ಪಂಕ್ತಿ ಎದ್ದ ಮೇಲೆ ಹಾಲ್‌ನಲ್ಲೇ ಊಟಕ್ಕೆ ಕೂತರು. ಮನೆಯ ಯಜಮಾನರು ಅವರನ್ನು ಎಬ್ಬಿಸಿ ಹಿತ್ತಲಿಗೆ ಕಳಿಸಿದರು. ನಾನು ಬಾಕಿ ದುಡ್ಡಿಗೆ ಹೆದರಿ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಸಿಖ್ಖರು ಈ ವಿಷಯವನ್ನು ಉಪದೇಶಕ್ಕೆ ಬಿಡಲಿಲ್ಲ, ಚಾಪೆಯ ಮೇಲೇ ತೀರ್ಮಾನ ಮಾಡಿದರು. 1469ರಲ್ಲಿ ಹುಟ್ಟಿದ ಗುರುನಾನಕರು ದೇವರು ಒಬ್ಬನೇ, ಇಕ್ ಓಂಕಾರ್, ಅವನೆದುರು ಮೇಲುಕೀಳಿಲ್ಲ ಅಂದರು. ಕೊನೆಗಾಲದಲ್ಲಿ ಕರ್ತಾರ್‌ಪುರದಲ್ಲಿ ತಾವೇ ಹೊಲ ಗೇಯ್ದರು, ಬಂದವರಿಗೆಲ್ಲ ಊಟ ಹಾಕಿದರು. ಮೂರನೇ ಗುರು ಅಮರದಾಸರು ಇನ್ನೂ ಗಟ್ಟಿ ನಿಯಮ ತಂದರು. ಮೊದಲು ಪಂಗತ್, ಆಮೇಲೆ ಸಂಗತ್. ಅಂದರೆ ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣು, ಆಮೇಲೆ ಗುರುವನ್ನು ನೋಡು. ಅಕ್ಬರ್ ಬಾದಶಹ ಕೂಡ ಹಾಗೇ ಕೂತು ಉಂಡ ಅಂತ ಅವರ ಪರಂಪರೆ ಹೇಳುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಮಾತಾ ಖೀವಿಯ ವಿಷಯ. ಎರಡನೇ ಗುರು ಅಂಗದರ ಹೆಂಡತಿ. ಲಂಗರ್ ನೋಡಿಕೊಳ್ಳುತ್ತಿದ್ದವರು ಅವರೇ. ಅವರ ಹೆಸರು, ಅವರು ಬಡಿಸುತ್ತಿದ್ದ ತುಪ್ಪದ ಖೀರು, ಎರಡೂ ಗುರು ಗ್ರಂಥ ಸಾಹಿಬ್‌ನಲ್ಲೇ ಇವೆ. ಊಟ ಹಾಕಿದ ಹೆಂಗಸಿನ ಹೆಸರನ್ನು ಪೂಜ್ಯ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ! ಇದು ಗೊತ್ತಾದ ಮೇಲೆ ಮೂರನೇ ಊಟದಲ್ಲಿ ಖೀರು ತಟ್ಟೆಗೆ ಬಿದ್ದಾಗ ಕಣ್ಣಿಗೆ ಒತ್ತಿಕೊಂಡೆ.

ಎರಡನೇ ದಿನ ಅಡುಗೆಮನೆಗೆ ಹೋದೆವು. ಯಾರು ಬೇಕಾದರೂ ಹೋಗಿ ಕೈ ಹಾಕಬಹುದು. ಹೆಂಡತಿ ರೊಟ್ಟಿ ಲಟ್ಟಿಸುವ ಹೆಂಗಸರ ಜೊತೆ ಕೂತಳು. ಒಬ್ಬರಿಗೊಬ್ಬರ ಭಾಷೆ ಬರುವುದಿಲ್ಲ, ಆದರೂ ಒಂದು ಗಂಟೆ ನಗುತ್ತಾ ಲಟ್ಟಿಸಿದರು. ಹಬ್ಬದ ದಿನ ಜನ ಲಕ್ಷ ದಾಟುತ್ತಾರೆ, ಆಗ ರೊಟ್ಟಿ ಯಂತ್ರವೂ ಓಡುತ್ತದೆ. ನಾನು ಪಾತ್ರೆ ತೊಳೆಯಲು ನಿಂತೆ. ಆ ಸದ್ದು ಹೇಳತೀರದು. ಸಾವಿರಾರು ಸ್ಟೀಲ್ ತಟ್ಟೆ ಒಟ್ಟಿಗೆ ಮಳೆ ಸುರಿದ ಹಾಗೆ. ಮೊದಲ ಸಾಲಿನವರು ಎಂಜಲು ಬಡಿದು ತೆಗೆಯುತ್ತಾರೆ, ಮುಂದಿನವರು ಸೋಪು ಹಚ್ಚುತ್ತಾರೆ, ಆಮೇಲೆ ನೀರಿನ ತೊಟ್ಟಿ, ಇನ್ನೊಂದು ತೊಟ್ಟಿ. ನನ್ನ ತೊಟ್ಟಿಯ ಎದುರಿಗೆ ಒಬ್ಬ ಹುಡುಗ, ಇಪ್ಪತ್ತು ಇರಬಹುದು. ಮಣಿಕಟ್ಟಿನ ಕಡಗ ಪ್ರತಿ ತಟ್ಟೆಗೂ ಟಿಣ್ ಅಂತ ತಾಗುತ್ತಿತ್ತು. ಅದು ದೀಕ್ಷೆ ಪಡೆದ ಸಿಖ್ಖರು ಸದಾ ಮೈಮೇಲೆ ಇಟ್ಟುಕೊಳ್ಳುವ ಐದು ‘ಕ’ಗಳಲ್ಲಿ ಒಂದು. ಕತ್ತರಿಸದ ಕೇಶ, ಬಾಚಣಿಗೆ ಅಂದರೆ ಕಂಘಾ, ಕಡಗ ಅಂದರೆ ಕಡಾ, ಕಛೇರಾ ಅನ್ನುವ ಚಡ್ಡಿ, ಕಿರ್ಪಾನ್ ಅನ್ನುವ ಕತ್ತಿ. ಈ ಕೈ ತಪ್ಪು ಕೆಲಸಕ್ಕೆ ಹೋಗಬಾರದು ಅಂತ ಕಡಾ ನೆನಪಿಸುತ್ತದೆಯಂತೆ. ಆ ಹುಡುಗನ ಕೈ ಎರಡು ಗಂಟೆ ಬೇರೆಯವರ ಎಂಜಲು ತಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಬಿಲ್ ಇಲ್ಲ. ಖರ್ಚು ಎಲ್ಲಿಂದ ಅಂತ ನನ್ನಂಥವನಿಗೆ ಮೊದಲು ಬರುವ ಪ್ರಶ್ನೆ. ಸಿಖ್ಖರ ಬದುಕಿಗೆ ಮೂರು ಕಂಬ: ನಾಮ್ ಜಪೋ, ಕಿರತ್ ಕರೋ, ವಂಡ್ ಛಕೋ. ದೇವರ ನೆನಪು ಬಿಡಬೇಡ, ಬೆವರು ಸುರಿಸಿ ದುಡಿ, ಹಂಚಿಕೊಂಡು ತಿನ್ನು. ನಮ್ಮ ಕಾಯಕ, ದಾಸೋಹ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡಿಮೆಯ ಹತ್ತರಲ್ಲಿ ಒಂದು ಪಾಲು ತೆಗೆದಿಡುವುದಕ್ಕೆ ದಸ್ವಂಧ್ ಅನ್ನುತ್ತಾರೆ. ಹಣ ಇಲ್ಲದವನು ಸಮಯ ಕೊಡುತ್ತಾನೆ.

ದರ್ಶನದ ಬಗ್ಗೆ ಎರಡು ಮಾತು. ಭಾನುವಾರ ಹೋಗಬೇಡಿ, ನಾವು ಎರಡೂವರೆ ಗಂಟೆ ನಿಂತೆವು. ಬೆಳಗಿನ ಜಾವ ಹೋದರೆ ಗ್ರಂಥ ಸಾಹಿಬ್‌ನ್ನು ಪಲ್ಲಕ್ಕಿಯಲ್ಲಿ ತರುವುದನ್ನೂ ನೋಡಬಹುದು. ಒಳಗೆ ಮೂರ್ತಿ ಇಲ್ಲ. 1708ರಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗರು ಇನ್ನು ಮುಂದೆ ಗ್ರಂಥವೇ ಗುರು ಅಂದರು. 1430 ಪುಟ. ಅದರಲ್ಲಿ ನೇಕಾರ ಕಬೀರ, ಚರ್ಮದ ಕೆಲಸದ ರವಿದಾಸ, ಸೂಫಿ ಶೇಖ್ ಫರೀದ್ ಹಾಡಿದ್ದೂ ಇದೆ. ಮಂದಿರಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯವರಿಗೂ ತೆರೆದಿದೆ ಅಂತ. ಪ್ರಸಾದದ ಕೌಂಟರ್‌ನಲ್ಲಿ ದೊನ್ನೆ ತುಂಬ ಬಿಸಿ ಕಡಾ ಪ್ರಸಾದ ಕೊಡುತ್ತಾರೆ, ಗೋಧಿ ಹಿಟ್ಟು, ತುಪ್ಪ, ಸಕ್ಕರೆ. ಮುಂದೆ ಅದರಲ್ಲಿ ಅರ್ಧ ತೆಗೆದು ಎಲ್ಲರಿಗೂ ಹಂಚುವ ಪಾಲಿಗೆ ಹಾಕಿ, ಉಳಿದರ್ಧ ನಮಗೆ ವಾಪಸ್. ತುಪ್ಪ ಬೆರಳಿನ ಸಂದಿಯಿಂದ ಇಳಿಯುತ್ತದೆ, ಕರವಸ್ತ್ರ ಇಟ್ಟುಕೊಳ್ಳಿ.

ಕಷ್ಟ ಅಂದರೆ ಜನಸಂದಣಿ. ಹೆಂಡತಿಗೆ ಮಂಡಿ ನೋವು, ನೆಲಕ್ಕೆ ಕೂತು ಏಳುವಾಗ ಒದ್ದಾಡಿದಳು. ಪಂಕ್ತಿ ಎದ್ದ ಕೂಡಲೇ ನೆಲ ಒರೆಸುತ್ತಾರೆ, ಒದ್ದೆ ಇರುತ್ತದೆ, ವಯಸ್ಸಾದವರು ನಿಧಾನವಾಗಿ ಹೆಜ್ಜೆ ಇಡಬೇಕು. ತಟ್ಟೆಯಲ್ಲಿ ಊಟ ಬಿಡಬೇಡಿ. ಬೀಡಿ, ಸಿಗರೇಟ್, ಗುಟ್ಕಾ ಜೇಬಲ್ಲೂ ಇರಬಾರದು.

ಅಷ್ಟು ದೂರ ಹೋಗಲಾಗದವರಿಗೆ ನಮ್ಮ ಬೀದರ್ ಇದೆ, ಅಲ್ಲಿನ ಗುರುದ್ವಾರ ನಾನಕ್ ಝೀರಾ ಸಾಹಿಬ್. ಅಲ್ಲೂ ಲಂಗರ್ ಇದೆ. ಇನ್ನೊಂದು ನಂಟೂ ಇದೆ. 1699ರ ಬೈಸಾಖಿ ಹಬ್ಬದಂದು ಪಂಜಾಬಿನ ಆನಂದಪುರ ಸಾಹಿಬ್‌ನಲ್ಲಿ ಗುರು ಗೋಬಿಂದರು ತಲೆ ಕೊಡುವವರು ಯಾರು ಅಂದಾಗ ಎದ್ದ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಚಂದ್, ಕ್ಷೌರಿಕರು. ಐವರೂ ಒಂದೇ ಬಟ್ಟಲಿನಿಂದ ಅಮೃತ, ಅಂದರೆ ದೀಕ್ಷೆಯ ಸಿಹಿನೀರು, ಕುಡಿದು ಸಿಂಗ್ ಆದರು. ಆಮೇಲೆ ಗುರುವೇ ಅವರ ಮುಂದೆ ಕೈ ಒಡ್ಡಿ ಅದೇ ಅಮೃತ ಕೇಳಿ ಕುಡಿದರು.

ಮದುವೆ ಸೀಸನ್ ಮುಗಿದ ಮೇಲೆ ಹುಡುಗರನ್ನೆಲ್ಲ ಕರೆದುಕೊಂಡು ಬೀದರಿಗೆ ಹೋಗುತ್ತೇನೆ. ಟೆಂಪೋ ಹೇಳಿಟ್ಟಿದ್ದೇನೆ. ಪಾತ್ರೆ ತೊಳೆಯುವವರು ಮೊದಲ ಸಾಲಿನಲ್ಲಿ ಕೂರುತ್ತಾರೆ, ನಾನು ಅವರ ಪಕ್ಕದಲ್ಲಿ.