ಜೆಲ್ಲಿಫಿನ್ ಜೊತೆ ಎರಡು ವರ್ಷ: ತಂಟೆಯೆಲ್ಲ ಸಬ್‌ಟೈಟಲ್‌ನದು

ಸಿನಿಮಾ ಚೆನ್ನಾಗಿಯೇ ಓಡುತ್ತಿರುತ್ತದೆ. ಸಬ್‌ಟೈಟಲ್ ಆನ್ ಮಾಡಿದ್ದೇ ತಡ, ಚಿತ್ರ ನಿಂತು ಪರದೆಯ ನಡುವೆ ಚಕ್ರ ತಿರುಗತೊಡಗುತ್ತದೆ. ಮೂಲೆಯಲ್ಲಿ ಸರ್ವರ್ ಆಗಿ ಕೂತ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಹೋ ಎಂದು ಕೂಗುತ್ತದೆ. ಮನೆಯ ಕಂಪ್ಯೂಟರಿನಲ್ಲಿರುವ ಸಿನಿಮಾಗಳನ್ನು ಟೀವಿ, ಫೋನಿಗೆ ಕಳಿಸುವ ಉಚಿತ ತಂತ್ರಾಂಶ ಜೆಲ್ಲಿಫಿನ್. ಅದನ್ನು ಎರಡು ವರ್ಷ ದಿನವೂ ಬಳಸಿದ ಮೇಲೂ ಉಳಿದಿರುವ ದೊಡ್ಡ ದೂರು ಇದೊಂದೇ. ಇನ್‌ಸ್ಟಾಲ್ ಮಾಡುವ ಬಗೆ ಎಲ್ಲೆಡೆ ಸಿಗುತ್ತದೆ, ಅದನ್ನು ಬಿಟ್ಟು ಇದರ ಬೆನ್ನು ಹತ್ತೋಣ.

ಬಹಳ ಜನ ಇದು ವೈಫೈ ತೊಂದರೆ ಎಂದುಕೊಂಡು ರೂಟರ್ ಬದಲಿಸಲು ಹೊರಡುತ್ತಾರೆ. ಪಾಪ, ವೈಫೈ ಏನೂ ಮಾಡಿರುವುದಿಲ್ಲ. ಎಸ್‌ಆರ್‌ಟಿ ಸಬ್‌ಟೈಟಲ್ ಬರೀ ಅಕ್ಷರ. ಟೀವಿಯ ಆ್ಯಪೇ ಅದನ್ನು ಚಿತ್ರದ ಮೇಲೆ ಬರೆದುಕೊಳ್ಳುತ್ತದೆ. ಬ್ಲೂರೇಯಿಂದ ಬರುವ ಪಿಜಿಎಸ್, ಡಿವಿಡಿಯಿಂದ ಬರುವ ವಾಬ್‌ಸಬ್ ಹಾಗಲ್ಲ, ಅವು ಅಕ್ಷರಗಳ ಚಿತ್ರಗಳು. ಅವನ್ನು ತೋರಿಸಲು ಬಾರದ ಟೀವಿಗಾಗಿ ಸರ್ವರೇ ಪ್ರತಿ ಫ್ರೇಮನ್ನೂ ಬಿಚ್ಚಿ, ಮೇಲೆ ಆ ಚಿತ್ರ ಅಂಟಿಸಿ, ಮತ್ತೆ ಎನ್‌ಕೋಡ್ ಮಾಡಿ, ಅಂದರೆ ಕುಗ್ಗಿಸಿದ ವಿಡಿಯೋ ಆಗಿಸಿ ಕಳಿಸಬೇಕು. 1080ಪಿ ಫೈಲಾದರೆ ಹೇಗೋ ನಡೆದೀತು. 10 ಬಿಟ್ಟಿನ 4ಕೆ ಎಚ್‌ಇವಿಸಿ (ವಿಡಿಯೋವನ್ನು ಬಿಗಿಯಾಗಿ ಕುಗ್ಗಿಸುವ ಬಗೆ) ಫೈಲಿಗೆ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತದೆ. ಇಂಟೆಲ್‌ನ 7ನೇ ಜನರೇಶನ್ ಅಥವಾ ಆಮೇಲಿನದು ಇದ್ದರೆ ವಿಡಿಯೋ ಕೆಲಸಕ್ಕೆಂದೇ ಅದರೊಳಗಿರುವ ಕ್ವಿಕ್ ಸಿಂಕ್ ಆನ್ ಮಾಡಿ, ಭಾರ ಎಷ್ಟೋ ಇಳಿಯುತ್ತದೆ.

ಊಹೆ ಬೇಡ. ಫೈಲ್ ಓಡುತ್ತಿರುವಾಗಲೇ ಸರ್ವರಿನ ಡ್ಯಾಶ್‌ಬೋರ್ಡ್ ತೆರೆದರೆ ಡೈರೆಕ್ಟ್ ಪ್ಲೇ (ಫೈಲ್ ಇದ್ದ ಹಾಗೇ ಹೋಗುವುದು) ಆಗುತ್ತಿದೆಯೋ ಟ್ರಾನ್ಸ್‌ಕೋಡ್ (ಸರ್ವರ್ ಅದನ್ನು ಬದಲಿಸಿ ಕಳಿಸುವುದು) ಆಗುತ್ತಿದೆಯೋ, ಆಗುತ್ತಿದ್ದರೆ ಏಕೆ ಎಂಬುದೂ ಕಾಣುತ್ತದೆ. ಆಡಿಯೋ ಕಾರಣವಾಗಿದ್ದರೆ ಸುಮ್ಮನಿರಿ. ಡಿಟಿಎಸ್ ಎಂಬ ಧ್ವನಿ ಮಾದರಿಯನ್ನು ಕೈಬಿಟ್ಟ ಟೀವಿಗಳು ಬೇಕಾದಷ್ಟಿವೆ, ಧ್ವನಿಯೊಂದನ್ನೇ ಬದಲಿಸುವುದು ಸರ್ವರಿಗೆ ಹಗುರ ಕೆಲಸ. ಸಬ್‌ಟೈಟಲ್ ಕಾರಣವಾದರೆ ಮಾತ್ರ ಕೈ ಹಾಕಬೇಕು.

ಸಬ್‌ಟೈಟಲ್ ನುಸುಳಲು ಒಂದು ಕಳ್ಳ ಹಾದಿಯೂ ಇದೆ. ವಿಡಿಯೋ, ಧ್ವನಿ, ಸಬ್‌ಟೈಟಲ್ ಒಟ್ಟಿಗಿರುವ ಎಂಕೆವಿ ಫೈಲಿನ ಸಬ್‌ಟೈಟಲ್ ಟ್ರ್ಯಾಕಿಗೆ ‘ಡೀಫಾಲ್ಟ್’ ಗುರುತು ಹಾಕಿದ್ದರೆ ನೀವು ಕೇಳದಿದ್ದರೂ ಅದು ಆನ್ ಆಗಿಬಿಡಬಹುದು. ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದ ಹೆಡರ್ ಎಡಿಟರಿನಲ್ಲಿ ಆ ಗುರುತು ತೆಗೆದು ಸೇವ್ ಮಾಡಿ. ಇಡೀ ಫೈಲನ್ನು ಹೊಸದಾಗಿ ಬರೆಯುವುದಿಲ್ಲವಾದ್ದರಿಂದ 60 ಜಿಬಿ ಇದ್ದರೂ ಕ್ಷಣದ ಕೆಲಸ. ಜೊತೆಗೆ ಮನೆಯ ಪ್ರತಿಯೊಬ್ಬರ ಪ್ರೊಫೈಲಿನಲ್ಲೂ ಸಬ್‌ಟೈಟಲ್ ಮೋಡನ್ನು ‘ನನ್’ (None, ಅಂದರೆ ಯಾವುದೂ ಬೇಡ) ಎಂದಿಡಿ.

ಸಬ್‌ಟೈಟಲ್ ಬೇಕೇ ಬೇಕು ಎನ್ನುವವರು ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಪಿಜಿಎಸ್ ಟ್ರ್ಯಾಕನ್ನು ತೆರೆದು, ಓಸಿಆರ್ ಮಾಡಿಸಿ (ಚಿತ್ರದಿಂದ ಅಕ್ಷರ ಓದಿಸಿ) ಎಸ್‌ಆರ್‌ಟಿ ಆಗಿಸಿಕೊಳ್ಳಬಹುದು. ಇಂಗ್ಲಿಷಿನ ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಅದಲುಬದಲಾಗುವುದು ಮಾಮೂಲು, ಒಮ್ಮೆ ಕಣ್ಣಾಡಿಸಿ. ಫೈಲಿಗೆ ವಿಡಿಯೋದ್ದೇ ಹೆಸರು, ಆಮೇಲೆ ಚುಕ್ಕೆ, ಎರಡಕ್ಷರದ ಭಾಷಾ ಸಂಕೇತ, ಚುಕ್ಕೆ, ಎಸ್‌ಆರ್‌ಟಿ. ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲೇ ಉಳಿಸಿ, ಇಲ್ಲವಾದರೆ ಕನ್ನಡದ ಸಾಲಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಚಿಹ್ನೆಗಳ ಬದಲು ಖಾಲಿ ಚೌಕಗಳು ಕಂಡರೆ ಫೈಲ್ ಸರಿಯಿದೆ, ಫಾಂಟ್ ಇಲ್ಲ.

ಬೇರೆಡೆಯಿಂದ ತಂದ ಎಸ್‌ಆರ್‌ಟಿ ಮಾತಿಗೆ ಹೊಂದದಿದ್ದರೆ ಎರಡು ಜಾಗದಲ್ಲಿ ನೋಡಿ. ಶುರುವಿನಲ್ಲೂ ಕೊನೆಯಲ್ಲೂ ಅಷ್ಟೇ ಸೆಕೆಂಡು ವ್ಯತ್ಯಾಸವಿದ್ದರೆ ಎಲ್ಲವನ್ನೂ ಒಟ್ಟಿಗೆ ಸರಿಸಿದರಾಯಿತು. ಹೋಗ್ತಾ ಹೋಗ್ತಾ ಹೆಚ್ಚಿದರೆ ಅದು ಫ್ರೇಮ್ ರೇಟಿನ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದರ) ಜಗಳ: 25 ಫ್ರೇಮಿಗೆ ಮಾಡಿದ ಸಬ್‌ಟೈಟಲ್ 23.976ರ ಚಿತ್ರದ ಜೊತೆ ಓಡಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷ ಮುಂದೆ ಹೋಗಿರುತ್ತದೆ. ಫ್ರೇಮ್ ರೇಟ್ ಬದಲಿಸುವ ಆಯ್ಕೆ ಸಬ್‌ಟೈಟಲ್ ಎಡಿಟ್‌ನಲ್ಲೇ ಇದೆ.

ಇಷ್ಟೆಲ್ಲ ಬೈದ ಮೇಲೆ ಒಪ್ಪಿಕೊಳ್ಳಬೇಕು, ತಪ್ಪು ಹೆಚ್ಚಿನಂಶ ಫೈಲಿನದು. ಒಮ್ಮೆ ತಿದ್ದಿಟ್ಟ ಫೈಲ್ ಮತ್ತೆ ಕಾಡುವುದಿಲ್ಲ. ಆಮೇಲೆ ಉಳಿಯುವುದು ಸಂಜೆಯ ಸುಖ: ರಿಮೋಟ್ ಒತ್ತಿದರೆ ಮೇಲಿನ ಸಾಲಿನಲ್ಲೇ ನಿನ್ನೆ ಅರ್ಧಕ್ಕೆ ಬಿಟ್ಟ ಸಿನಿಮಾ. ಹಾರ್ಡ್ ಡಿಸ್ಕ್ ನಿದ್ದೆ ಮುಗಿಸಿ ಗಿರ್ರನೆ ಎದ್ದೇಳುವವರೆಗೆ ಕೆಲವು ಸೆಕೆಂಡು ಕಾಯುವುದು, ಆಮೇಲೆ ಫೋನಿನಲ್ಲಿ ನಿಲ್ಲಿಸಿದ ದೃಶ್ಯದಿಂದಲೇ ಟೀವಿಯಲ್ಲಿ ಶುರು. 2024ರ 10.9 ಆವೃತ್ತಿಯಿಂದ ಮುಂದಕ್ಕೆ ಓಡಿಸುವಾಗ ಪುಟ್ಟ ಚಿತ್ರಗಳನ್ನು ತೋರಿಸುವ ಟ್ರಿಕ್‌ಪ್ಲೇಯೂ ಬಂದಿದೆ. ಆ ಚಿತ್ರಗಳನ್ನು ಮಾಡಿಕೊಳ್ಳಲು ಪ್ರೊಸೆಸರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿಗೆ ಹಚ್ಚಿ ಮಲಗಿ.

ರೂಟರಿನಲ್ಲಿ ಸರ್ವರಿಗೆ ಒಂದು ಐಪಿ (ಮನೆಯ ನೆಟ್‌ವರ್ಕಿನಲ್ಲಿ ಅದರ ವಿಳಾಸ) ಕಾಯ್ದಿರಿಸಿ, ಇಲ್ಲವಾದರೆ ಎಂದೋ ಒಂದು ದಿನ ಟೀವಿಗೆ ಜೆಲ್ಲಿಫಿನ್‌ನ ಬಾಗಿಲಾದ 8096ನೇ ಪೋರ್ಟಿನಲ್ಲಿ ಯಾರೂ ಸಿಗುವುದಿಲ್ಲ. ಟೀವಿಗೆ ಕೇಬಲ್ಲೇ ಮೇಲು ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬಬೇಡಿ: ಬಹುತೇಕ ಟೀವಿಗಳ ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್‌ನದು, 4ಕೆ ಬ್ಲೂರೇ ಅದನ್ನೂ ಮೀರಬಲ್ಲದು. ಅಂಥ ಫೈಲಿಗೆ ಹತ್ತಿರದ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಫೈಲ್ ತಿದ್ದುತ್ತ ಕೂರುವ ತಾಳ್ಮೆ ಇಲ್ಲದವರು ಸರ್ವರ್ ಹಾಗೇ ಇಟ್ಟುಕೊಂಡು ಟೀವಿಗೆ ಕೋಡಿ ಎಂಬ ಉಚಿತ ಪ್ಲೇಯರ್ ಓಡುವ ಪೆಟ್ಟಿಗೆಯೊಂದನ್ನು ಎಚ್‌ಡಿಎಂಐಯಲ್ಲಿ ಚುಚ್ಚಿಬಿಡಿ. ಪಿಜಿಎಸ್ ಸಬ್‌ಟೈಟಲನ್ನು ಅದು ತಾನೇ ಬಿಡಿಸಿಕೊಳ್ಳುತ್ತದೆ, ಲ್ಯಾಪ್‌ಟಾಪಿನ ಫ್ಯಾನು ತೆಪ್ಪಗಿರುತ್ತದೆ.