ಆಗುಂಬೆ ಮಳೆಗೆ ಯಾವ ಕ್ಯಾಮೆರಾ? ಮೂರು ಮಳೆಗಾಲ ಬಳಸಿದ ಮೇಲೆ

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ನನಗೆ 40 ದಿನ ಬಿಡುವು ಸಿಕ್ಕಿತ್ತು. ಅಷ್ಟೂ ದಿನ ಆಗುಂಬೆಯಲ್ಲಿದ್ದೆ, ಅದೂ ಜುಲೈ, ಆಗಸ್ಟ್‌ನಲ್ಲಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ಅದು. ಕಪ್ಪೆಗಳ ಫೋಟೋ ಬೇಕು ಅಂದರೆ ಬೇಸಿಗೆಯಲ್ಲಿ ಹೋಗಿ ಪ್ರಯೋಜನವಿಲ್ಲ. ಆಮೇಲೆ ಇನ್ನೆರಡು ಮಳೆಗಾಲ ಹತ್ತು ಹತ್ತು ದಿನ ಹೋಗಿ ಬಂದೆ. ಅದೇ ಕ್ಯಾಮೆರಾ, ಅದೇ ಲೆನ್ಸ್. ಮಳೆಗೆಂದು ಕ್ಯಾಮೆರಾ ಹುಡುಕುತ್ತಿರುವವರಿಗೆ ಹೇಳಲು ಈಗ ನನ್ನ ಹತ್ತಿರ ಒಂದಷ್ಟು ವಿಷಯ ಇದೆ.

ನನ್ನ ಬಜೆಟ್ 85 ಸಾವಿರ. ಅಷ್ಟರಲ್ಲಿ ಹೊಸದು ಎಟುಕಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಅನ್ನುವ ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಚಿಪ್) ಬಾಡಿ, ಜೊತೆಗೆ ಹೆಚ್ಚು ಬೆಳಕು ಬಿಡುವ ಒಂದು ಎಫ್/2.8 ಜೂಮ್ ಲೆನ್ಸ್ 70 ಸಾವಿರಕ್ಕೆ ಸಿಕ್ಕಿತು. ಎರಡಕ್ಕೂ ವೆದರ್ ಸೀಲಿಂಗ್, ಅಂದರೆ ನೀರು ಒಳಗೆ ಹೋಗದಂತೆ ಸಂದುಗಳಿಗೆ ರಬ್ಬರ್ ತಡೆ ಇದೆ. ಮೆಗಾಪಿಕ್ಸೆಲ್ ಲೆಕ್ಕ ಎಲ್ಲ ನೀವು ನೋಡಿರುತ್ತೀರಿ, ಬಿಡಿ. ದೊಡ್ಡ ಸೆನ್ಸರ್‌ನ ಕ್ಯಾಮೆರಾ ಯಾಕೆ ಬೇಡ ಅಂದೆ ಅಂದರೆ, ಮಳೆಯಲ್ಲಿ ಒಂದು ಕೈಗೆ ಕೊಡೆ ಬೇಕೇ ಬೇಕು. ಉಳಿದ ಒಂದೇ ಕೈಯಲ್ಲಿ ನಡುಗದೆ ಹಿಡಿಯುವಷ್ಟು ಹಗುರ ಇರಬೇಕು. ಇದರ ಜೊತೆ ಅಡಾಪ್ಟರ್ ಹಾಕಿಕೊಂಡು ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾದ 50 ಎಂಎಂ ಲೆನ್ಸನ್ನೂ ತಗೊಂಡು ಹೋಗಿದ್ದೆ. ನನಗೆ ತುಂಬ ಪ್ರೀತಿಯ ಲೆನ್ಸ್ ಅದು.

ಮಳೆಯ ಮಟ್ಟಿಗೆ ಕ್ಯಾಮೆರಾಕ್ಕೆ ಪೂರ್ತಿ ಅಂಕ. ಜೋಗಿಗುಂಡಿ ಜಲಪಾತದ ದಾರಿಯಲ್ಲಿ ಗಾಳಿಗೆ ಕೊಡೆ ಮಗುಚಿ, ಕ್ಯಾಮೆರಾ ಮೇಲಿಂದ ನೀರು ಧಾರೆಯಾಗಿ ಇಳಿದಿದೆ. ಏನೂ ಆಗಲಿಲ್ಲ. ಹಾಗಂತ ಸೀಲಿಂಗ್ ಅನ್ನುವ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಕ್ಯಾಮೆರಾಗಳಿಗೆ ಎಷ್ಟು ನೀರು ತಡೆಯುತ್ತದೆ ಅನ್ನುವ ಐಪಿ ನಂಬರೇ ಇರುವುದಿಲ್ಲ. ನೀರು ಹೋದರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎರಡು ಜಾಗ ನೋಡಲೇಬೇಕು. ಒಂದು, ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ. ಇನ್ನೊಂದು, ಲೆನ್ಸ್ ಕೂರುವ ಜಾಗದ ಸಣ್ಣ ರಬ್ಬರ್ ಉಂಗುರ. ಅದು ಹರಿದಿದ್ದರೆ ಸೀಲಿಂಗ್‌ಗೆ ಕೊಟ್ಟ ದುಡ್ಡು ದಂಡ.

ಮೊದಲ ಎಂಟು ದಿನಕ್ಕೇ ನಾನು ಬರೆದಿದ್ದರೆ ಈ ವಿಮರ್ಶೆ ಇಷ್ಟಕ್ಕೇ ಮುಗಿಯುತ್ತಿತ್ತು. ಒಂಬತ್ತನೇ ದಿನ ಸಂಜೆ ಪೂರ್ತಿ ನೆನೆದು ಬಂದವನು ಕ್ಯಾಮೆರಾ ಹಿಡಿದುಕೊಂಡೇ ಬಚ್ಚಲೊಲೆ ಮುಂದೆ ಕೂತೆ. ಬೆಚ್ಚಗಿನ ಜಾಗ, ಬೇಗ ಒಣಗುತ್ತದೆ ಅಂತ ನನ್ನ ಲೆಕ್ಕ. ಎರಡೇ ನಿಮಿಷಕ್ಕೆ ಲೆನ್ಸ್ ಮಬ್ಬಾಯಿತು. ಒರೆಸಿದೆ, ಹೋಗಲಿಲ್ಲ. ಮಬ್ಬು ಗಾಜಿನ ಒಳಗಡೆ ಇತ್ತು. ಮರುದಿನ ಮಧ್ಯಾಹ್ನದವರೆಗೂ ಹಾಗೇ ಇತ್ತು. ಅವತ್ತು ಬೆಳಿಗ್ಗೆ ಮನೆ ಹಿಂದಿನ ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆ ನೊರೆಗೂಡು ಕಟ್ಟಿತ್ತು. ಎಲೆಗಳ ನಡುವೆ ಬಿಳಿ ನೊರೆಯ ಮುದ್ದೆ. ಮೊಟ್ಟೆ ಒಡೆದಾಗ ಮರಿಗಳು ಕೆಳಗಿನ ನೀರಿಗೇ ಉದುರುತ್ತವೆ. ಅದನ್ನು ನೋಡಬೇಕೆಂದೇ ಅಷ್ಟು ದೂರ ಬಂದಿದ್ದೆ. ನನಗೆ ಸಿಕ್ಕಿದ್ದು 60 ಮಬ್ಬು ಫೋಟೋ.

ಕಾರಣ ನಿಧಾನಕ್ಕೆ ಅರ್ಥವಾಯಿತು. ಜೂಮ್ ಉದ್ದ ಆದಾಗಲೆಲ್ಲ ಲೆನ್ಸ್ ಗಾಳಿ ಎಳೆದುಕೊಳ್ಳುತ್ತದೆ. ಆ ತೇವದ ಗಾಳಿ ದಿನವಿಡೀ ಒಳಗೆ ಹೋಗುತ್ತಿರುತ್ತದೆ. ಒಲೆಯ ಹತ್ತಿರ ಬಂದಾಗ ಬಿಸಿ ಗಾಳಿಯಲ್ಲಿರುವ ತೇವ ತಣ್ಣಗಿನ ಗಾಜಿಗೆ ಹತ್ತಿ ನೀರಾಗುತ್ತದೆ. ಮಳೆಯನ್ನು ಹೊರಗೆ ತಡೆಯುವ ಅದೇ ಸೀಲು, ಒಳಗೆ ಸೇರಿದ ತೇವವನ್ನೂ ಬೇಗ ಹೊರಗೆ ಬಿಡುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಕ್ಯಾಮೆರಾ ಬ್ಯಾಗಿನ ಮೇಲೆ. ನಾಲ್ಕು ಸಾವಿರ ಕೊಟ್ಟಿದ್ದೆ. ದಪ್ಪ ಸ್ಪಂಜು, ಮೇಲೆ ರೇನ್ ಕವರ್. ಆ ಸ್ಪಂಜು ಒಮ್ಮೆ ತೇವ ಹೀರಿದರೆ ಮಲೆನಾಡಿನ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಹದಿನೈದು ದಿನಕ್ಕೆ ಬ್ಯಾಗಿನ ಮೂಲೆಯಲ್ಲಿ ಬೂಷ್ಟು. ಅಪ್ಪನ ಲೆನ್ಸ್ ಅದರಲ್ಲೇ ಇತ್ತು. ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು. ಫಂಗಸ್. ಅಪ್ಪ ಅದನ್ನು ಮೂವತ್ತು ವರ್ಷ ಜೋಪಾನ ಮಾಡಿದ್ದರು, ನನ್ನ ಕೈಯಲ್ಲಿ ಎರಡು ವಾರಕ್ಕೆ ಹೀಗಾಯಿತು. ಆಮೇಲೆ ಬಿಚ್ಚಿಸಿ ಕ್ಲೀನ್ ಮಾಡಿಸಲು 2200 ರೂಪಾಯಿ ಆಯಿತು. ಎಳೆಗಳು ಹೋದವು. ಆದರೆ ಫಂಗಸ್ ಬಿಡುವ ಆಮ್ಲ ಗಾಜಿನ ಕೋಟಿಂಗನ್ನು ತಿಂದುಹಾಕುತ್ತದೆ. ಆ ಗುರುತು ಹಾಗೇ ಉಳಿದಿದೆ.

ನಾನು ಉಳಿದುಕೊಂಡಿದ್ದ ಮನೆಯ ಅಮ್ಮ ಬ್ಯಾಗನ್ನು ನೋಡಿ, "ಮಳೆಗಾಲದಲ್ಲಿ ಚೀಲದಲ್ಲಿ ಏನಿಟ್ಟರೂ ಬೂಷ್ಟೇ. ಡಬ್ಬಿಗೆ ಹಾಕಿಡು ಮಾರಾಯ" ಅಂದರು. ಅವರ ಹಪ್ಪಳ, ಸಂಡಿಗೆ ಎಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇದ್ದವು, ಗರಿಗರಿಯಾಗಿ. ಮರುದಿನವೇ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ. ನಾಲ್ಕೂ ಬದಿಗೆ ಕ್ಲಿಪ್, ಮುಚ್ಚಳದೊಳಗೆ ರಬ್ಬರ್ ಪಟ್ಟಿ ಇರುವ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ 480 ರೂಪಾಯಿಗೆ ಸಿಕ್ಕಿತು. ಶಿವಮೊಗ್ಗದ ಗೆಳೆಯ ತೇವ ಹೀರುವ ಕಾಳು, ಅಂದರೆ ಸಿಲಿಕಾ ಜೆಲ್ಲನ್ನು ಒಂದು ಕೆಜಿಯಷ್ಟೂ ತೇವ ಅಳೆಯುವ ಪುಟ್ಟ ಮೀಟರನ್ನೂ ಬಸ್ಸಿನಲ್ಲಿ ಕಳಿಸಿಕೊಟ್ಟ. ಎಲ್ಲ ಸೇರಿ 1300 ರೂಪಾಯಿ ದಾಟಲಿಲ್ಲ. ಈ ಮೂರು ವರ್ಷದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಖರ್ಚು ಅದು.

ಅಲ್ಲಿಂದ ಮುಂದೆ ಪ್ರತಿ ಸಂಜೆ ಒಂದೇ ಕ್ರಮ. ಮನೆಯೊಳಗೆ ಹೋಗುವ ಮುಂಚೆ, ಜಗಲಿಯಲ್ಲೇ ನಿಂತು ಕ್ಯಾಮೆರಾ ಒರೆಸುತ್ತೇನೆ. ಒಗೆದೊಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡೇ ಇದಕ್ಕೆ ಸರಿ. ಮೈಕ್ರೋಫೈಬರ್ ಬಟ್ಟೆ ಒಮ್ಮೆ ನೆನೆದರೆ ನೀರನ್ನು ಸುಮ್ನೆ ಹರಡುತ್ತದೆ. ಒರೆಸಿದ ಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೊರಗೆ ಒತ್ತಿ, ಮುಚ್ಚುತ್ತೇನೆ. ಆಮೇಲೆ ಕಾಲಿಗೆ ಹತ್ತಿದ ಇಂಬಳ ಬಿಡಿಸಿ, ಬಟ್ಟೆ ಬದಲಿಸಿ, ಬಿಸಿ ಕಷಾಯ ಕುಡಿಯುವಷ್ಟರಲ್ಲಿ ಅರ್ಧ ಗಂಟೆ ಆಗುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಮನೆಯ ಬಿಸಿಗೆ ಹೊಂದಿಕೊಂಡಿರುತ್ತದೆ. ಮಬ್ಬು ಕೂರುವುದಾದರೂ ಕವರಿನ ಹೊರಗೆ ಕೂರುತ್ತದೆ. ಆಗ ತೆಗೆದು, ಬ್ಯಾಟರಿ, ಕಾರ್ಡ್ ಹೊರಗಿಟ್ಟು, ರಬ್ಬರ್ ಮುಚ್ಚಳ ಎಲ್ಲ ತೆರೆದು, ಜೂಮ್ ಪೂರ್ತಿ ಉದ್ದ ಮಾಡಿ ಡಬ್ಬಿಗೆ ಹಾಕುತ್ತೇನೆ. ಕೋಣೆಯಲ್ಲಿ ಮೀಟರ್ ತೇವ ಶೇಕಡಾ 94 ತೋರಿಸುತ್ತಿದ್ದರೆ, ಡಬ್ಬಿಯೊಳಗೆ ಬೆಳಿಗ್ಗೆ ಹೊತ್ತಿಗೆ 45. ಆ ಅಂಕೆ ನೋಡುವ ಸಮಾಧಾನವೇ ಬೇರೆ. 40ರಿಂದ 50ರ ಮಧ್ಯೆ ಇದ್ದರೆ ಲೆನ್ಸಿಗೆ ಒಳ್ಳೆಯದು. 60 ದಾಟಿ ಹಾಗೇ ಇದ್ದರೆ ಫಂಗಸ್‌ಗೆ ದಾರಿ.

ಸಿಲಿಕಾ ಜೆಲ್ ತಗೊಳ್ಳುವಾಗ ಕಿತ್ತಳೆ ಬಣ್ಣದ್ದು ಕೇಳಿ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಯಾವುದೇ ಬಣ್ಣದ್ದಾದರೂ ಅಡುಗೆಯ ಪಾತ್ರೆಗೆ ತಾಗಿಸಬೇಡಿ. ನಾನು ಹಳೆಯ ಕಬ್ಬಿಣದ ಕಾವಲಿಯೊಂದನ್ನು ಇದಕ್ಕೆಂದೇ ಇಟ್ಟಿದ್ದೆ. ಕಾಳುಗಳು ಕಡುಹಸಿರಾದವು ಅಂದರೆ ನೀರು ಕುಡಿದು ಹೊಟ್ಟೆ ತುಂಬಿದೆ ಅಂತ ಅರ್ಥ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ, ಸ್ನಾನದ ನೀರು ಕಾದ ಮೇಲೆ ಉಳಿದ ಕೆಂಡದ ಮೇಲೆ ಕಾವಲಿ ಇಟ್ಟು ನಿಧಾನಕ್ಕೆ ಕೈಯಾಡಿಸುತ್ತಿದ್ದೆ. ಉರಿ ಜಾಸ್ತಿಯಾದರೆ ಬಣ್ಣ ಸುಟ್ಟುಹೋಗುತ್ತದೆ. ಕಾಳುಗಳು ಒಂದೊಂದಾಗಿ ಮತ್ತೆ ಕಿತ್ತಳೆಗೆ ತಿರುಗುವುದನ್ನು ನೋಡುತ್ತಾ, ಹೊರಗೆ ಹಂಚಿನ ಮೇಲೆ ಮಳೆ ಕೇಳುತ್ತಾ ಕೂರುವುದು ಅಷ್ಟು ಹಿತ. ಹುರಿದದ್ದನ್ನು ಬೇರೆ ಮುಚ್ಚಳದ ಡಬ್ಬಿಯಲ್ಲಿ ಆರಿಸಬೇಕು. ತೆರೆದಿಟ್ಟರೆ ಆರುವಷ್ಟರಲ್ಲಿ ಮತ್ತೆ ತೇವ ಹೀರುತ್ತದೆ. ಆರಿದ ಮೇಲೆ ಆ ಮನೆಯ ಅಮ್ಮ ಹೊಲಿದುಕೊಟ್ಟ ಹತ್ತಿ ಚೀಲಕ್ಕೆ ತುಂಬಿ ಲೆನ್ಸ್ ಪಕ್ಕ ಇಡುತ್ತಿದ್ದೆ.

ಕ್ಯಾಮೆರಾಕ್ಕೆ ತೊಡಿಸುವ ಪ್ಲಾಸ್ಟಿಕ್ ರೇನ್ ಕವರ್ ನನಗೆ ಇಷ್ಟವಾಗಲಿಲ್ಲ. ಒಳಗೇ ಬೆವರುತ್ತದೆ, ಬಟನ್ ಕಾಣುವುದಿಲ್ಲ. ಉದ್ದ ಹಿಡಿಕೆಯ ದೊಡ್ಡ ಕರಿ ಕೊಡೆ ಎಷ್ಟೋ ವಾಸಿ. ಅದಕ್ಕಿಂತ ಚೆನ್ನಾಗಿ ಒದಗಿದ್ದು ಗೊರಬು ಅನ್ನುವ ಮಳೆ ಹೊದಿಕೆ. ಅಟ್ಟದಲ್ಲಿದ್ದ ಹಳೆಯದೊಂದನ್ನು ಅಮ್ಮ ಇಳಿಸಿ ಕೊಟ್ಟರು. ಬಗ್ಗಿ ಸಸಿ ನೆಡುವವರಿಗಾಗಿ ಮಾಡಿದ್ದು, ತಲೆಯಿಂದ ಬೆನ್ನಿನವರೆಗೂ ಮುಚ್ಚುತ್ತದೆ, ಎರಡೂ ಕೈ ಖಾಲಿ. ಕಪ್ಪೆ ಫೋಟೋ ತೆಗೆಯುವುದೂ ಬಗ್ಗಿಯೇ ಅಲ್ವಾ? ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತರೆ ಎದೆಯ ಹತ್ತಿರದ ಕ್ಯಾಮೆರಾಕ್ಕೆ ಒಂದು ಹನಿಯೂ ಬೀಳುವುದಿಲ್ಲ.

ಕರೆಂಟಿನ ವಿಷಯ ಮರೆಯಬೇಡಿ. ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಕೂತಿದ್ದೇನೆ. ಮೂರು ಬ್ಯಾಟರಿ, ಒಂದು ದೊಡ್ಡ ಪವರ್ ಬ್ಯಾಂಕ್ ಇರಲಿ.

85 ಸಾವಿರ ಇರುವವರಿಗೆ ನಾನು ಹೇಳುವುದು ಇಷ್ಟು. ಸೀಲಿಂಗ್ ಇರುವ ಬಾಡಿ, ಒಂದೇ ಲೆನ್ಸ್ ತಗೊಳ್ಳಿ. ಆಗ ಮಳೆಯಲ್ಲಿ ಲೆನ್ಸ್ ಬದಲಿಸುವ ಆಸೆಯೇ ಬರುವುದಿಲ್ಲ. ಸಾಧ್ಯವಾದರೆ ಉದ್ದ ಗಿಡ್ಡ ಆಗದ ಲೆನ್ಸ್ ಇರಲಿ. ಮುಂದಿನ ಸಲ ನಾನೂ ಅದನ್ನೇ ಹುಡುಕುತ್ತೇನೆ. ಕಪ್ಪೆ ಕೂರುವ ಕಾಡಿನ ನೆರಳಲ್ಲಿ ಹಗಲಲ್ಲೂ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಬೇಕಾಗುತ್ತದೆ, ಫೋಟೋ ಸ್ವಲ್ಪ ಒರಟಾಗುತ್ತದೆ. ನನಗದು ಬೇಜಾರಿಲ್ಲ.

ಎರಡನೇ ವರ್ಷ ಅದೇ ಹೊಂಡದ ಮೇಲೆ ನೊರೆಗೂಡು ಸಿಕ್ಕಿತು. ಅದನ್ನು ಅಪ್ಪನ ಲೆನ್ಸಿನಲ್ಲಿ ತೆಗೆದೆ. ಮೂಲೆಯಲ್ಲಿ ಕೋಟಿಂಗ್ ಹೋದ ಕಡೆ ಬೆಳಕು ಸ್ವಲ್ಪ ಚೆದುರಿದೆ. ಆ ಫೋಟೋ ಈಗ ಅಪ್ಪನ ಕೋಣೆಯಲ್ಲಿದೆ.

ಡಬ್ಬಿಯ ರಬ್ಬರ್ ಪಟ್ಟಿ ಈ ವರ್ಷ ಸಡಿಲವಾಗಿದೆ. ಮುಚ್ಚಿಟ್ಟ ಮರುದಿನ ಮೀಟರ್ 58 ತೋರಿಸಿತು. ಹಾಗಾಗಿ ಮೊನ್ನೆ ಎರಡು ಹೊಸ ಡಬ್ಬಿ ತಂದೆ. ಒಂದು ಕ್ಯಾಮೆರಾಕ್ಕೆ, ಇನ್ನೊಂದು ಆಗುಂಬೆಯ ಅಮ್ಮನ ಹಪ್ಪಳಕ್ಕೆ.